ದೈತ್ಯರ ಕೋಳಿನಿದ್ದೆ

ಬೆಳ್ಳಿತೆರೆಯ ಮೇಲೆ ಡೈನೊಸಾರ್‌ಗೆ ಬಿಡುವೆಂಬುದಿಲ್ಲ. ಅದು ಓಡುತ್ತಿರುತ್ತದೆ, ಇಲ್ಲವೆ ಓಡಿಸುತ್ತಿರುತ್ತದೆ. ಗರ್ಜಿಸುತ್ತದೆ, ಬೇಲಿ ಮುರಿಯುತ್ತದೆ, ಮೋಟಾರು ಗಾಡಿಯನ್ನು ಮಗುಚಿ ಹಾಕುತ್ತದೆ. ಎರಡು ಗಂಟೆಯ ಆಟದಲ್ಲಿ ಅದು ಒಂದು ನಿಮಿಷವಾದರೂ ಕಾಲು ಮಡಿಸಿ ಕುಳಿತು ದಣಿವಾರಿಸಿಕೊಂಡದ್ದನ್ನು ಕಂಡ ಪ್ರೇಕ್ಷಕರು ವಿರಳ. ಚಿತ್ರ ಮುಗಿದು ಮನೆಗೆ ಮರಳುವಾಗ ದೊಡ್ಡವರು ತಂತ್ರಜ್ಞರ ಕೈಚಳಕವನ್ನು ಕೊಂಡಾಡುತ್ತಿದ್ದರೆ, ಅಪ್ಪನ ಬೆರಳು ಹಿಡಿದು ನಡೆಯುವ ಹುಡುಗ ಬೇರೊಂದನ್ನೇ ಕೇಳುತ್ತಾನೆ: “ಅಪ್ಪಾ, ಅದು ಮಲಗೋದು ಹೇಗೆ?” ಅಪ್ಪನಿಗೆ ಉತ್ತರ ತಿಳಿಯದು. ಅದಕ್ಕಾಗಿ ಆತ ನಾಚಬೇಕಾದ್ದಿಲ್ಲ. ನೂರು ವರ್ಷಕ್ಕೂ ಮಿಕ್ಕಿ ವಿದ್ವಾಂಸರಿಗೂ ಅದು ಸರಿಯಾಗಿ ತಿಳಿದಿರಲಿಲ್ಲ.

ಹುಡುಗನ ಪ್ರಶ್ನೆಯೆಂದು ಅದನ್ನು ತಳ್ಳಿಹಾಕುವಂತೆಯೂ ಇಲ್ಲ. ಮೃಗರಾಜನೆನಿಸಿದ ಸಿಂಹ ಕೂಡ ದಿನದ ಇಪ್ಪತ್ತು ಗಂಟೆಗಳಷ್ಟು ಕಾಲ ನೆರಳಿನಲ್ಲಿ ಬಿದ್ದುಕೊಂಡೇ ಇರುತ್ತದೆ. ಬೇಟೆಯ ಆರ್ಭಟವೆಲ್ಲ ಉಳಿದ ಸ್ವಲ್ಪ ಹೊತ್ತಿನದು. ಇಷ್ಟಲ್ಲದೆ, ಪ್ರಾಣಿಯೊಂದು ಕೂರುವ ರೀತಿಯೇ ಅದರ ಕುಲಗೋತ್ರವನ್ನು ಹೇಳಿಬಿಡುತ್ತದೆ. ಹಸು ಮೊದಲು ಮುಂಗಾಲು ಮಡಿಸಿ ಮಲಗುತ್ತದೆ. ನಾಯಿ ಹಿಂಗಾಲು ಮಡಿಸಿ ಕೂರುತ್ತದೆ. ಹಲ್ಲಿ ಹೊಟ್ಟೆಯನ್ನು ನೆಲಕ್ಕಂಟಿಸಿಕೊಳ್ಳುತ್ತದೆ. ಕೋಳಿ ಕಾಲುಗಳನ್ನು ಮೈಯಡಿಗೆ ಸೆಳೆದುಕೊಂಡು ಎದೆಯೂರುತ್ತದೆ. ಡೈನೊಸಾರ್ ಇವುಗಳಲ್ಲಿ ಯಾವುದರಂತೆ ಕುಳಿತಿತು? ಈ ಪ್ರಶ್ನೆಗೆ ಕೊಟ್ಟ ಉತ್ತರ ಬದಲಾದಾಗಲೆಲ್ಲ, ಡೈನೊಸಾರ್ ಎಂದರೆ ಏನೆಂಬ ಕಲ್ಪನೆಯೇ ಬದಲಾಗುತ್ತ ಬಂದಿದೆ.

೧೮೫೪ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ ಉದ್ಯಾನದಲ್ಲಿ ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್ ಎಂಬ ಶಿಲ್ಪಿ ಅಳಿದುಹೋದ ಪ್ರಾಣಿಗಳ ಬೃಹತ್ ಪ್ರತಿಮೆಗಳನ್ನು ನಿರ್ಮಿಸಿದರು. ಅವುಗಳಲ್ಲಿ ಇಗ್ವಾನೊಡಾನ್‌ಗಳು ಎರಡು. ಒಂದು ನಾಲ್ಕು ಕಾಲೂರಿ ನಿಂತಿದೆ. ಇನ್ನೊಂದು, ಹಬ್ಬದೂಟ ಮುಗಿಸಿ ಪಡಸಾಲೆಗೆ ಬಂದ ಯಜಮಾನರಂತೆ ನೆಲಕ್ಕೊರಗಿ, ಒಂದು ಕೈಯನ್ನು ಮರದ ಬೊಡ್ಡೆಯ ಮೇಲಿಟ್ಟುಕೊಂಡಿದೆ. ಆ ಕಾಲಕ್ಕೆ ಕೈಗೆ ಸಿಕ್ಕಿದ್ದ ಎಲುಬುಗಳು ಕೆಲವೇ. ಉಳಿದದ್ದನ್ನು ಖಡ್ಗಮೃಗ ಮತ್ತು ಹಲ್ಲಿಗಳ ನೆನಪಿನಿಂದ ತುಂಬಿಸಬೇಕಾಯಿತು. ಹೆಬ್ಬೆರಳಿನ ಮುಳ್ಳನ್ನು ಕೊಂಬೆಂದು ತಿಳಿದು ಮೂಗಿನ ಮೇಲೆ ಕೂರಿಸಿದ್ದೂ ಆಗಲೇ.

೧೮೭೮ರಲ್ಲಿ ಬೆಲ್ಜಿಯಂನ ಬೆರ್ನಿಸಾರ್ ಎಂಬಲ್ಲಿ, ೩೨೨ ಮೀಟರ್ ಆಳದ ಕಲ್ಲಿದ್ದಲ ಗಣಿಯೊಳಗೆ, ಇಗ್ವಾನೊಡಾನ್‌ಗಳ ಇಡಿಯ ಅಸ್ಥಿಪಂಜರಗಳೇ ಸಿಕ್ಕವು. ಅವುಗಳನ್ನು ಅಭ್ಯಸಿಸಿದ ಲೂಯಿ ಡೊಲೊ ಎಂಬ ವಿದ್ವಾಂಸರಿಗೆ ಈ ಪ್ರಾಣಿ ಎರಡೇ ಕಾಲಿನ ಮೇಲೆ ನಿಲ್ಲಬಲ್ಲದೆಂದು ತೋರಿತು. ಎದುರಿಗಿಟ್ಟುಕೊಂಡ ಮಾದರಿಗಳು ಎರಡು: ಆಸ್ಟ್ರೇಲಿಯದ ಕ್ಯಾಸೊವರಿ ಎಂಬ ದೊಡ್ಡ ಹಕ್ಕಿ ಮತ್ತು ಕಾಂಗರೂ ಬಳಗದ ವಾಲಬಿ. ಹಕ್ಕಿಯನ್ನೇ ಹಿಡಿದು ಹೋಗಿದ್ದರೆ ಈ ಕಥೆ ಬಹಳ ಬೇಗ ಮುಗಿಯುತ್ತಿತ್ತೇನೊ! ಆದರೆ ಕಾಂಗರೂ ಗೆದ್ದಿತು. ಇಗ್ವಾನೊಡಾನ್ ಮೈಯನ್ನು ನೆಟ್ಟಗೆ ಎತ್ತಿ, ಬಾಲವನ್ನು ಮೂರನೆಯ ಕಾಲಿನಂತೆ ನೆಲಕ್ಕೂರಿ, ಅದರ ಮೇಲೆ ಭಾರ ಬಿಟ್ಟು ನಿಂತಿತು. ನಿಂತಿತೆನ್ನುವುದಕ್ಕಿಂತ ಬಾಲದ ಮೇಲೆ ಅರೆಕುಳಿತಿತು ಎನ್ನುವುದೇ ಸರಿ.

ಈ ಭಂಗಿಯಲ್ಲಿ ಒಂದು ತೊಡಕಿತ್ತು. ಇಗ್ವಾನೊಡಾನ್‌ನ ಬೆನ್ನಿನಿಂದ ಬಾಲದವರೆಗೆ ಎಲುಬಾಗಿ ಗಟ್ಟಿಗೊಂಡ ಸ್ನಾಯುರಜ್ಜುಗಳು ಜಾಲರಿಯಂತೆ ಹೆಣೆದುಕೊಂಡಿವೆ. ಬುಟ್ಟಿಗೆ ಬಿದಿರಿನ ದಬ್ಬೆ ಹೇಗೊ ಬಾಲಕ್ಕೆ ಅವು ಹಾಗೆ. ಬಾಲ ಬಾಗುವುದೇ ಇಲ್ಲ. ಅದನ್ನು ಕಾಂಗರೂವಿನ ಬಾಲದಂತೆ ಮೇಲಕ್ಕೆ ಬಾಗಿಸಬೇಕಾದರೆ ಮುರಿದೇ ಬಾಗಿಸಬೇಕು. ೧೯೮೦ರಲ್ಲಿ ಡೇವಿಡ್ ನಾರ್ಮನ್ ಎಂಬ ಆಂಗ್ಲ ವಿಜ್ಞಾನಿ ಇದನ್ನು ವಿವರವಾಗಿ ತೋರಿಸಿಕೊಟ್ಟರು. ಅಷ್ಟು ಹೊತ್ತಿಗೆ ಒಂದು ಶತಮಾನವೇ ಕಳೆದುಹೋಗಿತ್ತು.

ಆ ಶತಮಾನದಲ್ಲಿಯೇ ಚಲನಚಿತ್ರ ಹುಟ್ಟಿದ್ದು. ಚಿತ್ರಕಾರರು ಕಣ್ಣೆದುರಿಗಿದ್ದುದನ್ನು ನಂಬಿದರು. ನ್ಯೂಯಾರ್ಕಿನ ಅಮೆರಿಕನ್ ಪ್ರಕೃತಿವಿಜ್ಞಾನ ಮ್ಯೂಸಿಯಮ್ಮಿನಲ್ಲಿ ೧೯೧೫ರಿಂದ ಟೈರನೊಸಾರ್ ತಲೆಯೆತ್ತಿ, ಬಾಲ ನೆಲಕ್ಕೆಳೆದುಕೊಂಡು ನಿಂತಿತ್ತು. ೧೯೩೩ರ ‘ಕಿಂಗ್ ಕಾಂಗ್’ ಚಿತ್ರದಲ್ಲಿ ಅದೇ ಪ್ರಾಣಿ ಅದೇ ಠೀವಿಯಲ್ಲಿ ಬಂದು, ಮನುಷ್ಯನಂತೆ ಕಿವಿಯ ಬಳಿ ಕೆರೆದುಕೊಂಡು, ದೈತ್ಯವಾನರನೊಡನೆ ಮಲ್ಲಯುದ್ಧಕ್ಕಿಳಿಯಿತು. ೧೯೫೪ರಲ್ಲಿ ಜಪಾನೀಯರ ‘ಗಾಡ್ಜಿಲ್ಲಾ’ ನೆಟ್ಟಗೆ ನಡೆದದ್ದಕ್ಕಂತೂ ಬೇರೆ ಕಾರಣವೇ ಬೇಡ. ರಬ್ಬರಿನ ಆ ಚರ್ಮದೊಳಗೆ ಇದ್ದವನು ಎರಡು ಕಾಲಿನ ನಟ. ಬಾಲವೇ ಪೀಠವಾಗಿರುವಾಗ ಪ್ರಾಣಿ ಕೂರುವುದು ಹೇಗೆಂಬ ಪ್ರಶ್ನೆಯೇ ಏಳಲಿಲ್ಲ.

ಬಾಲ ಮೇಲೆದ್ದ ದಿನ ಆ ಪ್ರಶ್ನೆಯೂ ಎದ್ದಿತು. ೧೯೭೦ರಲ್ಲಿ ಬ್ರಿಟನ್ನಿನ ಬಾರ್ನಿ ನ್ಯೂಮನ್ ಟೈರನೊಸಾರ್‌ನ ನಿಲುವನ್ನು ಕುರಿತು ಬರೆದ ಪ್ರಬಂಧದಲ್ಲಿ ಅದರ ಬೆನ್ನನ್ನು ನೆಲಕ್ಕೆ ಸಮಾನಾಂತರವಾಗಿ ಇಳಿಸಿದರು. ಸೊಂಟ ತಕ್ಕಡಿಯ ಮುಳ್ಳು. ಮುಂದೆ ತಲೆಯ ತಟ್ಟೆ, ಹಿಂದೆ ಬಾಲದ ತಟ್ಟೆ. ಕಲ್ಲಾಗಿ ಉಳಿದ ಹೆಜ್ಜೆಸಾಲುಗಳೂ ಇದಕ್ಕೆ ಸಾಕ್ಷಿ ನುಡಿದವು. ಸಾವಿರಾರು ಹೆಜ್ಜೆಗಳಿವೆ, ಹಿಂದೆ ಬಾಲ ಎಳೆದ ಗೆರೆ ಮಾತ್ರ ಬಲು ಅಪರೂಪ. ನ್ಯೂಯಾರ್ಕಿನ ಅಸ್ಥಿಪಂಜರವನ್ನು ಬಿಚ್ಚಿ, ಹೊಸ ಭಂಗಿಯಲ್ಲಿ ಜೋಡಿಸಿ, ೧೯೯೫ರಲ್ಲಿ ಮತ್ತೆ ಪ್ರದರ್ಶನಕ್ಕಿಟ್ಟರು. ಬಾಲದ ಪೀಠ ತಪ್ಪಿದ ಆ ಹನ್ನೆರಡು ಮೀಟರಿನ ಪ್ರಾಣಿ ದಣಿದಾಗ ಇನ್ನು ಯಾವುದರ ಮೇಲೆ ಕೂರಬೇಕು?

ಉತ್ತರ ಹಿತ್ತಿಲಲ್ಲಿಯೇ ಇತ್ತು. ಕೋಳಿಯ ಮಂಡಿ ಹಿಂದಕ್ಕೆ ಮಡಿಚುತ್ತದೆಂದು ಮಕ್ಕಳು ಹೇಳುವುದುಂಟು. ಅದು ಮಂಡಿಯಲ್ಲ, ಹಿಮ್ಮಡಿ. ನಿಜವಾದ ಮಂಡಿ ಮೇಲೆ, ಪುಕ್ಕದೊಳಗೆ ಅಡಗಿದೆ. ಅದು ನಮ್ಮ ಮಂಡಿಯಂತೆಯೇ ಮುಂದಕ್ಕೆ ಬಾಗುತ್ತದೆ. ಹಿಮ್ಮಡಿಯಿಂದ ಬೆರಳಿನವರೆಗಿನ ಪಾದವನ್ನು ಕೋಳಿ ಸದಾ ಎತ್ತಿಕೊಂಡು, ತುದಿಬೆರಳಿನ ಮೇಲೆ ನಡೆಯುತ್ತದೆ. ಕೂರುವಾಗ ಮಾತ್ರ ಇಡೀ ಪಾದ ನೆಲಕ್ಕಿಳಿಯುತ್ತದೆ. ಕಾಲಿನ ಮೂರು ತುಂಡುಗಳೂ ಬಡಗಿಯ ಮಡಿಸುವ ಅಳತೆಗೋಲಿನಂತೆ ಒಂದರ ಮೇಲೊಂದು ಮಡಿಚಿಕೊಂಡು, ಮೈ ಅವುಗಳ ನಡುವೆ ತಗ್ಗುತ್ತದೆ. ಬೇಟೆಗಾರ ಡೈನೊಸಾರ್‌ಗಳ ಹಿಂಗಾಲಿನಲ್ಲಿಯೂ ಇವೇ ಕೀಲುಗಳು, ಇದೇ ಕ್ರಮದಲ್ಲಿವೆ.

ಟೈರನೊಸಾರ್‌ನ ಸೊಂಟದಿಂದ ಕೆಳಕ್ಕಿಳಿಯುವ ಒಂದು ಎಲುಬಿನ ತುದಿ ಬೂಟಿನ ಆಕಾರದಲ್ಲಿ ಅಗಲವಾಗಿದೆ. ಕಾಲು ಮಡಿಸಿ ಕುಳಿತಾಗ ಮೈಭಾರ ಮೊದಲು ತಗಲುವುದು ಅಲ್ಲಿಗೆ. ಅದರ ಮುಂದೆ, ಒಳಗಿನ ಅಂಗಗಳನ್ನು ತೊಟ್ಟಿಲಿನಂತೆ ಹೊರಲು, ಹೊಟ್ಟೆಯ ಕೆಳಗೂ ತೆಳುವಾದ ಪಕ್ಕೆಲುಬುಗಳಿವೆ. ಇನ್ನು, ನಗೆಪಾಟಲಿಗೀಡಾದ ಆ ಪುಟ್ಟ ಕೈಗಳು. ಏಳುವಾಗ ಮುಂಭಾರದಿಂದ ಮೈ ಮುಂದಕ್ಕೆ ಜಾರದಂತೆ ಅವು ನೆಲಕ್ಕೆ ಆನಿಕೆ ಕೊಟ್ಟಿರಬಹುದೆಂದು ನ್ಯೂಮನ್ ಸೂಚಿಸಿದರು. ೨೦೦೮ರಲ್ಲಿ ಕೆಂಟ್ ಸ್ಟೀವನ್ಸ್ ಮತ್ತು ಸಂಗಡಿಗರು ಕಂಪ್ಯೂಟರಿನೊಳಗೆ ಟೈರನೊಸಾರ್‌ನ ಎಲುಬುಗಳನ್ನು ಜೋಡಿಸಿ, ಅದನ್ನು ಕೂರಿಸಿ ಏಳಿಸಿ ನೋಡಿದರು. ನಾಯಿಗೆ ಹೇಳುವಂತೆ ‘ರೆಕ್ಸ್, ಕೂತ್ಕೊ’ ಎಂಬರ್ಥದ ತಲೆಬರಹವನ್ನೂ ತಮ್ಮ ಪ್ರಬಂಧಕ್ಕೆ ಕೊಟ್ಟರು. ವಿದ್ವಾಂಸರಿಗೂ ಒಮ್ಮೊಮ್ಮೆ ವಿನೋದ ಬೇಕಲ್ಲವೆ!

ಇವೆಲ್ಲ ಎಲುಬಿನಿಂದ ಕಟ್ಟಿದ ಊಹೆಗಳು. ಕುಳಿತಿರುವ, ಮಲಗಿರುವ ಪ್ರಾಣಿಯೇ ಕಲ್ಲಾಗಿ ಸಿಕ್ಕಿದರೆ? ಅಂಥ ಭಾಗ್ಯವೂ ಒದಗಿತು.

೨೦೦೪ರಲ್ಲಿ ಷು ಷಿಂಗ್ ಮತ್ತು ಮಾರ್ಕ್ ನೊರೆಲ್ ಎಂಬ ವಿಜ್ಞಾನಿಗಳು ಚೀನದ ಲಿಯಾವೊನಿಂಗ್ ಪ್ರಾಂತದಲ್ಲಿ ದೊರೆತ ಪುಟ್ಟ ಡೈನೊಸಾರೊಂದನ್ನು ಲೋಕಕ್ಕೆ ಪರಿಚಯಿಸಿದರು. ಮೂಗಿನಿಂದ ಬಾಲದ ತುದಿಯವರೆಗೆ ಅದರ ಉದ್ದ ೫೩ ಸೆಂಟಿಮೀಟರ್. ವಯಸ್ಸು ಸುಮಾರು ಹನ್ನೆರಡೂವರೆ ಕೋಟಿ ವರ್ಷ. ಸಾಮಾನ್ಯವಾಗಿ ಪಳೆಯುಳಿಕೆಯೆಂದರೆ ಸಾವಿನ ಸೆಡೆತ: ಕತ್ತು ಹಿಂದಕ್ಕೆ ಮುರಿದು, ಕಾಲು ಚೆಲ್ಲಾಪಿಲ್ಲಿಯಾಗಿರುತ್ತದೆ. ಇಲ್ಲಿ ಹಾಗಿಲ್ಲ. ಹಿಂಗಾಲುಗಳು ಮೈಯಡಿಯಲ್ಲಿ ಅಚ್ಚುಕಟ್ಟಾಗಿ ಮಡಿಚಿವೆ. ಉದ್ದನೆಯ ಬಾಲ ಮೈಯನ್ನು ಬಳಸಿ ಬಂದಿದೆ. ಕತ್ತು ಹಿಂದಕ್ಕೆ ಹೊರಳಿ, ತಲೆ ಎಡಗೈಯ ಕೆಳಗೆ ತೂರಿಕೊಂಡಿದೆ. ಚಳಿಯ ಇರುಳಿನಲ್ಲಿ ಹಕ್ಕಿಯೊಂದು ರೆಕ್ಕೆಯೊಳಗೆ ಕೊಕ್ಕನ್ನು ಅಡಗಿಸಿಕೊಳ್ಳುವುದಿಲ್ಲವೆ, ಅದೇ ಭಂಗಿ. ಅದಕ್ಕೆ ಇಟ್ಟ ಹೆಸರು ಮೆಯಿ ಲಾಂಗ್. ಗಾಢನಿದ್ರೆಯಲ್ಲಿರುವ ಡ್ರ್ಯಾಗನ್ ಎಂದು ಚೀನೀ ಭಾಷೆಯಲ್ಲಿ ಅದರ ಅರ್ಥ.

ಒಂದೇ ಪ್ರಾಣಿ ಹಾಗೆ ಮಲಗಿದ್ದರೆ ಕಾಕತಾಳೀಯವೆನ್ನಬಹುದಿತ್ತು. ೨೦೧೨ರಲ್ಲಿ ಇನ್ನೊಂದು ಮೆಯಿ ಲಾಂಗ್‌ನ ವರದಿ ಬಂದಿತು. ಅದೂ ಹಾಗೆಯೇ ಮುದುರಿತ್ತು, ತಲೆ ಮಾತ್ರ ಇನ್ನೊಂದು ಮಗ್ಗುಲಿಗಿತ್ತು. ೨೦೨೩ರಲ್ಲಿ ಮಂಗೋಲಿಯದ ಗೋಬಿ ಮರುಭೂಮಿಯಿಂದ ಯಾಕುಲಿನಿಕಸ್ ಎಂಬ ಮತ್ತೊಂದು ಬಳಗದ ಡೈನೊಸಾರ್ ಇದೇ ನಿದ್ರೆಯಲ್ಲಿ ಸಿಕ್ಕಿದ ವರದಿ ಬಂದಿತು. ತಲೆಯನ್ನು ಹೀಗೆ ಮೈಗೆ ಒತ್ತಿಕೊಂಡು ಮಲಗುವುದರಿಂದ ಪ್ರಯೋಜನವೇನು? ಮೈಯ ಶಾಖ ಹೊರಗೆ ಸೋರುವುದಿಲ್ಲ. ಶಾಖವನ್ನು ಕಾಪಾಡಿಕೊಳ್ಳಬೇಕಾದ್ದು ಅದನ್ನು ತನ್ನೊಳಗೇ ಹುಟ್ಟಿಸಿಕೊಳ್ಳುವ ಪ್ರಾಣಿ. ಬಿಸಿಲು ಕಾಯಿಸಿಕೊಳ್ಳುವ ಹಲ್ಲಿಗೆ ಈ ಉಪಾಯ ಬೇಡ. ಮಲಗಿದ ಭಂಗಿಯೊಂದರಿಂದ ರಕ್ತದ ಬಿಸಿಯವರೆಗೆ ವಿಚಾರ ಹೋಯಿತು.

ಈ ಜೀವಿಗಳು ನಿದ್ರೆಯಲ್ಲಿಯೇ ಮಡಿದದ್ದು ಹೇಗೆ? ಲಿಯಾವೊನಿಂಗ್‌ನಲ್ಲಿ ಜ್ವಾಲಾಮುಖಿ ಕಾರಿದ ಬೂದಿ ಹಠಾತ್ತಾಗಿ ಮುಚ್ಚಿತೆಂದು ಬಹುಕಾಲ ನಂಬಲಾಗಿತ್ತು. ೨೦೨೪ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದನ್ನು ಒಪ್ಪದೆ, ಮಲಗಿದ್ದ ಬಿಲವೇ ಮೇಲೆ ಕುಸಿದಿರಬೇಕೆಂದು ವಾದಿಸಿತು. ಚರ್ಚೆ ಪಂಡಿತರಿಗಿರಲಿ. ಬೂದಿಯೊ ಮಣ್ಣೊ, ಅದು ಬಂದಾಗ ತಲೆಯೆತ್ತಿ ನೋಡುವಷ್ಟೂ ಸಮಯವಿರಲಿಲ್ಲ.

ನಿದ್ದೆಗಾಗಿ ಅಲ್ಲದೆ ಕುಳಿತ ಇನ್ನೊಂದು ಪ್ರಾಣಿಯ ವೃತ್ತಾಂತ ಇದಕ್ಕಿಂತ ಮನಕರಗಿಸುವಂಥದು. ಅದು ತೊಡಗುವುದು ಒಂದು ಅಪವಾದದಿಂದ. ೧೯೨೩ರಲ್ಲಿ ರಾಯ್ ಚಾಪ್‌ಮನ್ ಆಂಡ್ರ್ಯೂಸ್ ಅವರ ನೇತೃತ್ವದಲ್ಲಿ ಗೋಬಿ ಮರುಭೂಮಿಗೆ ಹೋಗಿದ್ದ ಅಮೆರಿಕದ ತಂಡಕ್ಕೆ ಮೊಟ್ಟೆಗಳ ಗೂಡೊಂದು, ಅದರ ಮೇಲೆಯೇ ಹಲ್ಲಿಲ್ಲದ ಡೈನೊಸಾರ್ ಒಂದರ ಎಲುಬುಗಳು ಕಂಡವು. ಮೊಟ್ಟೆಗಳು ಆ ಪ್ರದೇಶದಲ್ಲಿ ಹೇರಳವಾಗಿದ್ದ ಪ್ರೋಟೊಸೆರಾಟಾಪ್ಸ್ ಎಂಬ ಸಸ್ಯಾಹಾರಿಯವೆಂದು ಭಾವಿಸಿದರು. ಹಾಗಾದರೆ ಮೇಲೆ ಬಿದ್ದಿರುವ ಈ ಪ್ರಾಣಿಗೆ ಅಲ್ಲೇನು ಕೆಲಸ? ಕಳ್ಳತನವೇ ಇರಬೇಕು! ೧೯೨೪ರಲ್ಲಿ ಹೆನ್ರಿ ಆಸ್ಬಾರ್ನ್ ಅದಕ್ಕೆ ಓವಿರಾಪ್ಟರ್, ಎಂದರೆ ಮೊಟ್ಟೆಗಳ್ಳ, ಎಂದು ನಾಮಕರಣ ಮಾಡಿದರು. ಈ ಹೆಸರು ತಪ್ಪು ದಾರಿಗೆಳೆಯಬಹುದೆಂಬ ಶಂಕೆಯನ್ನು ಆಸ್ಬಾರ್ನರೇ ಜೊತೆಯಲ್ಲಿ ಬರೆದಿದ್ದರು. ಶಂಕೆಯನ್ನು ಜನ ಮರೆತರು, ಹೆಸರು ನಿಂತಿತು.

೧೯೯೩ರಲ್ಲಿ, ಎಪ್ಪತ್ತು ವರ್ಷದ ತರುವಾಯ, ಅದೇ ಗೋಬಿಯ ಉಖಾ ತೋಲ್ಗೋದ್ ಎಂಬಲ್ಲಿ ಅಮೆರಿಕ ಮತ್ತು ಮಂಗೋಲಿಯದ ವಿಜ್ಞಾನಿಗಳಿಗೆ ಅದೇ ಬಗೆಯ ಮೊಟ್ಟೆಯೊಂದು ಒಡೆದ ಸ್ಥಿತಿಯಲ್ಲಿ ಸಿಕ್ಕಿತು. ಒಳಗೆ ಭ್ರೂಣದ ಎಳೆಯ ಎಲುಬುಗಳಿದ್ದವು. ಅದು ಪ್ರೋಟೊಸೆರಾಟಾಪ್ಸ್‌ನ ಮರಿಯಲ್ಲ. ‘ಕಳ್ಳ’ನ ಬಳಗದ್ದೇ ಮರಿ! ಅದೇ ವರ್ಷ ಅದೇ ಸ್ಥಳದಲ್ಲಿ ಗೂಡಿನ ಮೇಲೆ ಕುಳಿತ ವಯಸ್ಕ ಪ್ರಾಣಿಯೂ ದೊರೆಯಿತು. ಅದರ ವರದಿ ೧೯೯೫ರಲ್ಲಿ ಪ್ರಕಟವಾಯಿತು. ಮೊಟ್ಟೆಗಳನ್ನು ಬಳೆಯಂತೆ ವೃತ್ತಾಕಾರದಲ್ಲಿ ಜೋಡಿಸಲಾಗಿದೆ. ನಡುವೆ ಬಿಟ್ಟ ತೆರಪಿನಲ್ಲಿ ಪ್ರಾಣಿ ಹಿಂಗಾಲುಗಳನ್ನು ಬಿಗಿಯಾಗಿ ಮಡಿಸಿ ಕುಳಿತಿದೆ, ಒಂದು ಮೊಟ್ಟೆಗೂ ಭಾರ ತಗಲದಂತೆ. ಎರಡೂ ತೋಳುಗಳನ್ನು ಹಿಂದಕ್ಕೂ ಹೊರಕ್ಕೂ ಚಾಚಿ ಗೂಡನ್ನು ಬಳಸಿದೆ. ಕಾವಿಗೆ ಕುಳಿತ ಕೋಳಿಯನ್ನು ಕಂಡವರಾರಿಗೂ ಈ ಭಂಗಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರಳಿನ ರಾಶಿ ಮೇಲೆ ಬಿದ್ದಾಗಲೂ ಅದು ಎದ್ದು ಓಡಲಿಲ್ಲ. ಏಳು ಕೋಟಿ ವರ್ಷಗಳಿಗೂ ಮಿಗಿಲಾಗಿ ಅಲ್ಲಿಯೇ ಕುಳಿತಿತ್ತು.

ಈ ಪ್ರಾಣಿಗೆ ೨೦೦೧ರಲ್ಲಿ ಇಟ್ಟ ಹೆಸರು ಕನ್ನಡಿಗರಿಗೆ ಅಪರಿಚಿತವೆನಿಸದು: ಚಿತಿಪತಿ. ಚಿತೆಯ ಒಡೆಯನೆಂಬ ಅರ್ಥದ ಈ ಸಂಸ್ಕೃತ ಪದ, ಅಸ್ಥಿಪಂಜರ ರೂಪದಲ್ಲಿ ಚಿತ್ರಿತವಾಗುವ ಟಿಬೆಟ್ಟಿನ ಬೌದ್ಧ ದೇವತೆಗಳ ಹೆಸರು. ಗೂಡಿನ ಮೇಲಿನ ಪ್ರಾಣಿಯನ್ನು ವಿಜ್ಞಾನಿಗಳು ಸಲಿಗೆಯಿಂದ ‘ದೊಡ್ಡಮ್ಮ’ ಎಂಬರ್ಥದ ಹೆಸರಿನಿಂದಲೂ ಕರೆದರು. ೨೦೦೮ರ ಅಧ್ಯಯನವೊಂದು ಈ ಬಳಗದಲ್ಲಿ ಕಾವಿಗೆ ಕೂರುತ್ತಿದ್ದುದು ತಂದೆಯೇ ಇರಬಹುದೆಂದು ತರ್ಕಿಸಿದ ಮೇಲೆ ಆ ಹೆಸರಿಗೂ ಕುತ್ತು ಬಂದಿದೆ. ಓವಿರಾಪ್ಟರ್ ಮಾತ್ರ ಇಂದಿಗೂ ಮೊಟ್ಟೆಗಳ್ಳನೇ. ಶಾಸ್ತ್ರದ ನಿಯಮದಂತೆ ಒಮ್ಮೆ ಇಟ್ಟ ಹೆಸರನ್ನು ಅದು ಸುಳ್ಳೆಂಬ ಕಾರಣಕ್ಕೆ ಬದಲಿಸುವಂತಿಲ್ಲ.

ನೀಳಕತ್ತಿನ ಮಹಾದೈತ್ಯಗಳ ವಿಚಾರ ಬೇರೆ. ಅವು ಮೊಟ್ಟೆಯ ಮೇಲೆ ಕುಳಿತವಲ್ಲ. ಕುಳಿತಿದ್ದರೆ ಮೊಟ್ಟೆ ಉಳಿಯುತ್ತಿರಲಿಲ್ಲ. ಮಧ್ಯಪ್ರದೇಶದ ಧಾರ್ ಜಿಲ್ಲೆಯಿಂದ ೨೦೨೩ರಲ್ಲಿ ವರದಿಯಾದ ೯೨ ಗೂಡುಗಳ ೨೫೬ ಮೊಟ್ಟೆಗಳು ಇಂಥ ದೈತ್ಯಗಳವೇ. ಅವು ಮಲಗಿದ ಬಗೆಯನ್ನು ಊಹಿಸಲು ಆನೆಯೇ ಗತಿ. ೨೦೧೭ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಫ್ರಿಕದ ಬೋಟ್ಸ್ವಾನದ ಎರಡು ಕಾಡಾನೆಗಳು ದಿನಕ್ಕೆ ಸರಾಸರಿ ಎರಡೇ ಗಂಟೆ ನಿದ್ರಿಸಿದವು, ಅದೂ ಬಹುಪಾಲು ನಿಂತೇ. ನೆಲಕ್ಕೆ ಮೈ ಚಾಚಿದ್ದು ಮೂರು ನಾಲ್ಕು ದಿನಕ್ಕೊಮ್ಮೆ.

ಇಷ್ಟೆಲ್ಲ ತಿಳಿದ ಮೇಲೂ ತೆರೆ ಏನು ಮಾಡಿತು? ಮೊದಲಿಗನಾದ ಕಲಾವಿದನನ್ನು ಇಲ್ಲಿ ನೆನೆಯದಿರಲಾಗದು. ೧೯೧೪ರಲ್ಲಿ ವಿನ್ಸರ್ ಮೆಕೆ ಸಾವಿರಾರು ರೇಖಾಚಿತ್ರಗಳಿಂದ ‘ಗರ್ಟಿ’ ಎಂಬ ಡೈನೊಸಾರ್‌ಗೆ ಜೀವ ತುಂಬಿದರು. ಗರ್ಟಿ ಕೆರೆಯ ನೀರನ್ನೆಲ್ಲ ಕುಡಿದು ಬರಿದು ಮಾಡುತ್ತದೆ. ಗದರಿಸಿದರೆ ಮಗುವಿನಂತೆ ಅಳುತ್ತದೆ. ಸುಮ್ಮನಿದ್ದಾಗಲೂ ಅದು ಉಸಿರಾಡಬೇಕೆಂದು ಮೆಕೆ ಗಡಿಯಾರ ಹಿಡಿದು ತಮ್ಮ ಉಸಿರನ್ನೇ ಎಣಿಸಿಕೊಂಡರು. ತೆರೆಯ ಡೈನೊಸಾರ್ ಹುಟ್ಟಿದ ಕಾಲಕ್ಕೆ ಅದಕ್ಕೆ ಸುಮ್ಮನಿರಲು ಬರುತ್ತಿತ್ತು. ಆಮೇಲೆ ಮರೆತುಹೋಯಿತು.

೧೯೯೩ರ ‘ಜುರಾಸಿಕ್ ಪಾರ್ಕ್’ ಚಿತ್ರದಲ್ಲಿ ಅದು ಒಮ್ಮೆ ಮರಳಿ ಬಂದಿತು. ಅಸ್ವಸ್ಥವಾಗಿ ಮಗ್ಗುಲಾಗಿ ಬಿದ್ದ ಟ್ರೈಸೆರಾಟಾಪ್ಸ್. ಅದರ ಹೊಟ್ಟೆಗೆ ಮೈಯೊರಗಿಸಿ, ಅದು ಉಸಿರೆಳೆದಂತೆ ತಾನೂ ಏರಿ ಇಳಿಯುತ್ತ ಮಗುವಾಗುವ ವಿಜ್ಞಾನಿ. ಸ್ಟ್ಯಾನ್ ವಿನ್‌ಸ್ಟನ್ ಅವರ ಬಳಗ ನಿರ್ಮಿಸಿದ ಯಂತ್ರದ ಪ್ರಾಣಿ ಅದು. ಚಿತ್ರದ ಓಟಗಳೆಲ್ಲ ಕಲಸಿಹೋದ ಮೇಲೂ ನೆನಪಿನಲ್ಲಿ ಉಳಿಯುವುದು ಈ ಮಲಗಿದ ಪ್ರಾಣಿ. ಇದಕ್ಕೆ ಆಧಾರವಾದ ಮೈಕೇಲ್ ಕ್ರೈಟನ್ ಅವರ ೧೯೯೦ರ ಕಾದಂಬರಿಯಲ್ಲಿ ಟೈರನೊಸಾರ್ ನಿದ್ರಿಸುವ ಸನ್ನಿವೇಶವಿದೆ. ಆದರೆ ಅಲ್ಲಿ ಅದು ಹಿಂಗಾಲುಗಳನ್ನು ಮುಂದಕ್ಕೆ ಚಾಚಿ, ಜಗಲಿಯ ಮೇಲೆ ಗೊರಕೆ ಹೊಡೆಯುವ ಮುದುಕನಂತೆ ಕುಳಿತಿದೆ. ಸೊಂಟದ ಆ ಬೂಟು ಇದಕ್ಕೆ ಎಡೆಗೊಡುವುದೆ? ಸಂದೇಹವೇ. ಚಿತ್ರಕ್ಕೆ ಆ ಸನ್ನಿವೇಶ ಬರಲಿಲ್ಲ. ಮೂವತ್ತೈದು ವರ್ಷ ಕಾದು, ೨೦೨೫ರ ‘ಜುರಾಸಿಕ್ ವರ್ಲ್ಡ್: ರೀಬರ್ತ್’ ಚಿತ್ರದಲ್ಲಿ ಟೈರನೊಸಾರ್ ಹೊಳೆಯ ದಡದಲ್ಲಿ ಮಲಗಿ ನಿದ್ರಿಸಿತು. ಅದಾದರೂ ಎಚ್ಚೆತ್ತು ಅಟ್ಟಿಸಿಕೊಂಡು ಬರುವುದಕ್ಕಾಗಿಯೇ ಮಲಗಿದ ನಿದ್ದೆ. ತೆರೆಗೆ ಇನ್ನೂ ಅಷ್ಟು ತಾಳ್ಮೆಯಿಲ್ಲ.

‘ಜುರಾಸಿಕ್ ಪಾರ್ಕ್’ನಲ್ಲಿ ಡೈಲೊಫೊಸಾರಸ್ ಎಂಬ ಇನ್ನೊಂದು ಪ್ರಾಣಿಯೂ ಬರುತ್ತದೆ, ಕತ್ತಿನ ಸುತ್ತ ಬಣ್ಣದ ಕೊಡೆ ಬಿಚ್ಚಿ ವಿಷ ಉಗುಳುತ್ತ. ಕೊಡೆಯೂ ವಿಷವೂ ಕಥೆಗಾರರ ಕೊಡುಗೆ. ಈ ಪ್ರಾಣಿಯನ್ನೇ ಹೋಲುವ ಬೇಟೆಗಾರನೊಂದು ನಿಜವಾಗಿ ಮಾಡಿದ್ದೇನೆಂಬುದಕ್ಕೆ ಅಮೆರಿಕದ ಯೂಟಾ ಸಂಸ್ಥಾನದ ಸೇಂಟ್ ಜಾರ್ಜ್ ಪಟ್ಟಣದಲ್ಲಿ ಕಲ್ಲಿನ ದಾಖಲೆಯಿದೆ. ೨೦೦೦ದಲ್ಲಿ ಶೆಲ್ಡನ್ ಜಾನ್ಸನ್ ಎಂಬ ನಿವೃತ್ತ ಕಣ್ಣಿನ ಪರೀಕ್ಷಕರು ತಮ್ಮ ಜಮೀನಿನ ದಿಬ್ಬವನ್ನು ಸಮ ಮಾಡಿಸುತ್ತಿದ್ದಾಗ ಮಗುಚಿದ ಬಂಡೆಯಡಿಯಲ್ಲಿ ಹೆಜ್ಜೆಗಳು ಮೂಡಿದ್ದವು. ಆ ನೆಲದ ಮೇಲೆಯೇ ಕಟ್ಟಡವೆಬ್ಬಿಸಿ ೨೦೦೫ರಲ್ಲಿ ಮ್ಯೂಸಿಯಂ ತೆರೆದರು. ೨೦೦೯ರಲ್ಲಿ ಆಂಡ್ರ್ಯೂ ಮಿಲ್ನರ್ ಮತ್ತು ಸಂಗಡಿಗರು ಅಲ್ಲಿನ ಒಂದು ಹೆಜ್ಜೆಸಾಲನ್ನು ವಿವರಿಸಿದರು. ಅದರ ವಯಸ್ಸು ೧೯ ಕೋಟಿ ೮೦ ಲಕ್ಷ ವರ್ಷ.

ಅಂದು ಅದು ಸರೋವರದ ದಡ. ಹಸಿಯಾದ ಇಳಿಜಾರನ್ನು ಏರಿ ಬಂದ ಪ್ರಾಣಿ ಒಂದೆಡೆ ನಿಂತು, ಎರಡು ಪಾದಗಳನ್ನೂ ಜೋಡಿಸಿ ಕುಳಿತಿದೆ. ಬೆರಳುಗಳ ಹಿಂದೆ ಹಿಮ್ಮಡಿಯವರೆಗೂ ಪಾದ ಒತ್ತಿದ ಗುರುತು. ಅದರ ಹಿಂದೆ ಪೃಷ್ಠವೂರಿದ ದುಂಡನೆಯ ಮುದ್ರೆ. ಮುಂದೆ ಎರಡು ಕೈಗಳ ಗುರುತು. ತೆರೆಯ ಡೈನೊಸಾರ್‌ಗಳು ಹಾರ್ಮೋನಿಯಂ ನುಡಿಸುವವರಂತೆ ಅಂಗೈಗಳನ್ನು ಕೆಳಮುಖವಾಗಿ ಇಳಿಬಿಟ್ಟುಕೊಂಡು ಓಡುತ್ತವೆ. ಈ ಕೆಸರಿನಲ್ಲಿ ಮೂಡಿರುವುದು ಅಂಗೈಯಲ್ಲ, ಕೈಯ ಹೊರಬದಿ. ಚಪ್ಪಾಳೆ ತಟ್ಟಲು ಹೊರಟವನ ಕೈಗಳಂತೆ ಅಂಗೈಗಳು ಒಂದನ್ನೊಂದು ನೋಡುತ್ತಿದ್ದವು. ಹಕ್ಕಿಯ ರೆಕ್ಕೆ ಮಡಿಚುವುದಕ್ಕೆ ಬೇಕಾದ ಈ ತಿರುವು ಅಷ್ಟು ಹಿಂದೆಯೇ ಇತ್ತು.

ಕುಳಿತ ಜಾಗ ಒಗ್ಗಲಿಲ್ಲವೊ ಏನೊ, ಪ್ರಾಣಿ ತುಸು ಮುಂದಕ್ಕೆ ಸರಿದು ಮತ್ತೊಮ್ಮೆ ಕುಳಿತಿದೆ. ಪಾದಗಳ ಗುರುತು ಎರಡೆರಡಾಗಿ ಬಿದ್ದಿವೆ. ಅನಂತರ ಎದ್ದಿದೆ. ಏಳುವಾಗ ಮೊದಲು ಮುಂದಿಟ್ಟದ್ದು ಎಡಗಾಲು. ಬಾಲ ಅಲ್ಲಲ್ಲಿ ಕೆಸರನ್ನು ಸವರಿ ಗೆರೆಯೆಳೆದಿದೆ. ಆಮೇಲೆ ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಯಾವ ಅವಸರವೂ ಇಲ್ಲದೆ ಹೊರಟುಹೋಗಿದೆ.